ಸಹಾಯ ಬೇಕು: ಫುಟ್‌ಪಾತ್ ಸಂದಿಯ ಈ ನೇರಳೆ ಹೂವಿನ ಗಿಡ ಯಾವುದು?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಜಯನಗರದಲ್ಲಿ ಕಾಂಪೌಂಡ್ ಬುಡ, ಫುಟ್‌ಪಾತ್ ಕಲ್ಲಿನ ಸಂದಿ, ಎಲ್ಲೆಲ್ಲೂ ಈ ಗಿಡ. ಮಳೆ ಶುರುವಾದ ಮೇಲಂತೂ ಜಾಸ್ತಿ.

ಗಿಡ ಕುಳ್ಳ, ಅಡ್ಡಡ್ಡ ಹರಡುತ್ತದೆ. ಒಂದು ತೊಟ್ಟಿಗೆ ಮೂರು ಎಲೆ. ಹೂವು ತಿಳಿ ನೇರಳೆ, ಉಗುರಿನಷ್ಟು ಚಿಕ್ಕದು. ನಾಲ್ಕು ದಳಗಳೂ ಮೇಲ್ಮುಖವಾಗಿ ಒಂದೇ ಕಡೆ ನಿಂತಿರುತ್ತವೆ, ಅದೇ ಇದರ ಚೆಂದ. ನಡುವಿನ ಎರಡು ದಳಗಳ ಮೇಲೆ ಬಿಳಿ ಹಳದಿ ಪಟ್ಟೆ. ಕೇಸರ ಆರು. ಕಾಯಿ ಸಪೂರ, ಉದ್ದ.

ಪಕ್ಕದ ಮನೆಯವರು ನಾಯಿ ಸಾಸಿವೆ ಅಂದರು. ಆದರೆ ಅದರ ಹೂವು ಹಳದಿ, ಗಿಡ ಮುಟ್ಟಿದರೆ ಕೈಗೆ ಅಂಟುತ್ತದೆ ಅಲ್ವಾ? ಇದು ಅಂಟುವುದಿಲ್ಲ. ಅದೇ ಗುಂಪಿನ, ಆಫ್ರಿಕಾ ಮೂಲದ ಕ್ಲಿಯೋಮ್ ರುಟಿಡೋಸ್ಪರ್ಮಾ ಇರಬಹುದು ಅಂತ ನನ್ನ ಅಂದಾಜು.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಳೆ ಅಂತ ಕೀಳಿಸಲು ಹೊರಟಿದ್ದಾರೆ. ಈ ಗುಂಪಿನ ಗಿಡಗಳ ಮೇಲೆ ಕೆಲವು ಬಿಳಿ ಚಿಟ್ಟೆಗಳು ಮೊಟ್ಟೆ ಇಡುತ್ತವೆ. ಸುಮ್ನೆ ಕಿತ್ತು ಎಸೆಯಲು ನನಗೆ ಮನಸ್ಸಿಲ್ಲ. ಹೂವು, ಎಲೆ, ಕಾಯಿ ಮೂರರ ಫೋಟೋ ಹಾಕಿದ್ದೇನೆ. ಗೊತ್ತಿದ್ದವರು ದಯವಿಟ್ಟು ಖಚಿತಪಡಿಸಿ. ನಿಮ್ಮ ಊರಲ್ಲಿ ಇದಕ್ಕೆ ಏನಂತಾರೆ, ಅದನ್ನೂ ಬರೆಯಿರಿ.