ಆಸ್ಕರ್: ಪ್ರಾಡಕ್ಟ್ ಮಾಡೆಲ್‌ಗೆ ಫೀಲ್ಡ್ ಸೇರಿಸಿದ ಮೇಲೆ ಸರ್ವರ್ರೇ ಏಳುತ್ತಿಲ್ಲ

ಹಪ್ಪಳ_ಮಾಟುಂಗಾ:
ನಮಸ್ಕಾರ. ಮಾಟುಂಗಾದಲ್ಲಿ ಮಾವನ ಅಂಗಡಿ ಇದೆ. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಕುಚ್ಚಲಕ್ಕಿ, ತುರಿಮಣೆ, ಹೀಗೆ ಊರಿನ ಸಾಮಾನೆಲ್ಲ ಸಿಗುತ್ತದೆ. ಅದಕ್ಕೊಂದು ಆನ್‌ಲೈನ್ ಅಂಗಡಿ ಮಾಡೋಣ ಅಂತ ಜಾಂಗೋ ಆಸ್ಕರ್ (ಪೈಥಾನಿನ ಜಾಂಗೋ ಮೇಲೆ ಕಟ್ಟಿದ, ಆನ್‌ಲೈನ್ ಅಂಗಡಿಗೆಂದೇ ಇರುವ ಸಿದ್ಧ ಕೋಡ್) ಹಿಡಿದಿದ್ದೇನೆ. ಪ್ರತಿ ಸಾಮಾನಿಗೂ 'ಎಷ್ಟು ದಿನ ಇಡಬಹುದು' ಎಂಬ ಫೀಲ್ಡ್ ಬೇಕು. ಬೇಗ ಕೆಡುವುದು ಪಟ್ಟಿಯಲ್ಲಿ ಮೇಲೆ ಬರಬೇಕು ಅಂತ ಮಾವನ ಹಟ.

ಆಸ್ಕರ್‌ನ ಕ್ಯಾಟಲಾಗ್ ಆ್ಯಪ್ ಫೋರ್ಕ್ ಮಾಡಿದೆ, ಅಂದರೆ ಬದಲಾಯಿಸಲು ನನ್ನ ಪ್ರಾಜೆಕ್ಟಿಗೆ ನಕಲು ತಂದೆ. ಅದರ ಮೂಲ ಅಚ್ಚಾದ ಅಬ್‌ಸ್ಟ್ರಾಕ್ಟ್ ಪ್ರಾಡಕ್ಟ್‌ನಿಂದ ನನ್ನ ಪ್ರಾಡಕ್ಟ್ ಕ್ಲಾಸ್ (ಡೇಟಾಬೇಸ್ ಟೇಬಲ್ಲಿನ ಮಾಡೆಲ್) ಬರೆದೆ. ಈಗ ಸರ್ವರ್ ಶುರು ಮಾಡಿದರೆ 'ಕಾನ್‌ಫ್ಲಿಕ್ಟಿಂಗ್ ಪ್ರಾಡಕ್ಟ್ ಮಾಡೆಲ್ಸ್' ಅಂತ ರನ್‌ಟೈಮ್ ಎರರ್. ಎರಡು ರಾತ್ರಿ ಹೋಯಿತು.

ಲಾಸ್ಟ್_ಲೋಕಲ್_ಡೊಂಬಿವಲಿ:
ಸೆಟ್ಟಿಂಗ್ಸ್‌ನಲ್ಲಿ ಆಸ್ಕರ್‌ನ ಕ್ಯಾಟಲಾಗ್ ಸಾಲು ತೆಗೆದು ನಿಮ್ಮದನ್ನು ಹಾಕಿದ್ದೀರಾ? ಹಳೆಯ ಪಾಠಗಳಲ್ಲಿ ಎಲ್ಲ ಆ್ಯಪ್‌ಗಳನ್ನೂ ಒಟ್ಟಿಗೆ ತರುವ ಗೆಟ್ ಕೋರ್ ಆ್ಯಪ್ಸ್ ಅಂತ ಇರುತ್ತದೆ. ಅದನ್ನು ಆಸ್ಕರ್ 2.0ರಲ್ಲೇ ತೆಗೆದರು. ಈಗ ಒಂದೊಂದು ಆ್ಯಪ್ ಹೆಸರನ್ನೂ ನಾವೇ ಬರೆಯಬೇಕು.

ಹಪ್ಪಳ_ಮಾಟುಂಗಾ:
ಹೌದು ಸರ್, ಬದಲಾಯಿಸಿದ್ದೇನೆ.

ಕೋತ್ರೂಡ್_ಕೋಡರ್:
ಎರಡೂ ಸಾಲು ಉಳಿದಿದ್ದರೆ ಬರುವ ಎರರ್ರೇ ಬೇರೆ, ಲೇಬಲ್ ಡ್ಯೂಪ್ಲಿಕೇಟ್ ಅನ್ನುತ್ತದೆ. ಇದು ಅದಲ್ಲ. ಮಾಡೆಲ್ಸ್ ಫೈಲಿನಲ್ಲಿ ಆಸ್ಕರ್ ಮಾಡೆಲ್‌ಗಳನ್ನೆಲ್ಲ ಇಂಪೋರ್ಟ್ ಮಾಡುವ ಆ ಸ್ಟಾರ್ ಸಾಲು ಎಲ್ಲಿದೆ? ಮೇಲೋ, ಕೆಳಗೋ?

ಹಪ್ಪಳ_ಮಾಟುಂಗಾ:
ಮೇಲೆ. ಮೊದಲು ಕೆಳಗಿತ್ತು. ಪಕ್ಕದ ನೋಕ್ಯೂಎ ಕಾಮೆಂಟ್ (ಈ ಸಾಲಿಗೆ ಎಚ್ಚರಿಕೆ ಬೇಡ ಅನ್ನುವ ಗುರುತು ಅಂತ ಆಮೇಲೆ ಗೊತ್ತಾಯಿತು) ಏನೋ ಕಸ ಅಂತ ಅಳಿಸಿದೆ. ಎಡಿಟರ್ ಗೆರೆ ಎಳೆಯೋಕೆ ಶುರು ಮಾಡಿತು. ಇಂಪೋರ್ಟ್ ಎಲ್ಲ ಮೇಲಿರಬೇಕು ಅಲ್ವಾ ಅಂತ ಎತ್ತಿ ಹಾಕಿದೆ.

ಕೋತ್ರೂಡ್_ಕೋಡರ್:
ಸಿಕ್ಕಿತು ನೋಡಿ. ಆಸ್ಕರ್ ಒಂದೊಂದು ಮಾಡೆಲ್ ಕಟ್ಟುವ ಮುಂಚೆ 'ಈ ಹೆಸರಿನದು ಆಗಲೇ ರಿಜಿಸ್ಟರ್ ಆಗಿದೆಯಾ' ಅಂತ ನೋಡುತ್ತದೆ. ಆಗಿದ್ದರೆ ತನ್ನದನ್ನು ಸುಮ್ನೆ ಬಿಡುತ್ತದೆ. ನೀವು ಆ ಸ್ಟಾರ್ ಸಾಲನ್ನು ಮೇಲಿಟ್ಟದ್ದರಿಂದ ಆಸ್ಕರ್‌ನ ಪ್ರಾಡಕ್ಟ್ ಮೊದಲು ಬಂದು ಸೀಟು ಹಿಡಿಯಿತು. ನಿಮ್ಮದು ಅದೇ ಸೀಟಿಗೆ ಬಂದಾಗ ಜಾಂಗೋ ಜಗಳ ತೆಗೆಯಿತು. ಸಾಲನ್ನು ಫೈಲಿನ ಕೊನೆಗೆ ತನ್ನಿ. ಕಾಮೆಂಟನ್ನೂ ವಾಪಸ್ ಹಾಕಿ, ಇಲ್ಲದಿದ್ದರೆ ಆರು ತಿಂಗಳ ನಂತರ ನೀವೇ ಮತ್ತೆ ಮೇಲಕ್ಕೆ ಹಾಕುತ್ತೀರಿ. ಬೇರೆ ಫೈಲುಗಳಲ್ಲೂ ಪ್ರಾಡಕ್ಟ್ ಬೇಕಾದರೆ ಗೆಟ್ ಮಾಡೆಲ್ ಬಳಸಿ, ಆಸ್ಕರ್‌ನಿಂದ ನೇರ ಇಂಪೋರ್ಟ್ ಬೇಡ.

ಹಪ್ಪಳ_ಮಾಟುಂಗಾ:
ಎದ್ದಿತು! ಮೈಗ್ರೇಶನ್ (ಹೊಸ ಫೀಲ್ಡನ್ನು ಡೇಟಾಬೇಸಿಗೆ ಸೇರಿಸುವುದು) ಮಾಡುವಾಗ ಹಳೆಯ ಸಾಲುಗಳಿಗೆ ಡೀಫಾಲ್ಟ್ ಕೇಳಿತು, 0 ಕೊಟ್ಟೆ. ಈಗ ಪಟ್ಟಿಯ ಮೊದಲಲ್ಲೇ ತುರಿಮಣೆ, 'ಇಡಬಹುದಾದ ದಿನ: 0'. ಮಾವ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. ಕಬ್ಬಿಣ ಯಾವಾಗ ಹಳಸುವುದು ಮಾರಾಯ ಅಂತ ಕೇಳಿದರು.

ಕೋತ್ರೂಡ್_ಕೋಡರ್:
ಹ್ಹಹ್ಹ. ಫೀಲ್ಡ್ ಖಾಲಿ ಇರಬಹುದು ಅನ್ನಲು ನಲ್ (ಡೇಟಾಬೇಸಿನಲ್ಲಿ) ಮತ್ತು ಬ್ಲ್ಯಾಂಕ್ (ಫಾರ್ಮಿನಲ್ಲಿ) ಎರಡನ್ನೂ ಟ್ರೂ ಮಾಡಿ ಇನ್ನೊಂದು ಮೈಗ್ರೇಶನ್ ಹೊಡೆಯಿರಿ. ಆಮೇಲೆ 0 ಇರುವುದನ್ನೆಲ್ಲ ನಲ್‌ಗೆ ಅಪ್‌ಡೇಟ್ ಮಾಡಿ. ಅಷ್ಟಕ್ಕೇ ಬಿಡಬೇಡಿ. ಕಡಿಮೆಯಿಂದ ಹೆಚ್ಚಿಗೆ ಸಾರ್ಟ್ ಮಾಡಿದರೆ ಎಸ್‌ಕ್ಯೂಲೈಟ್ ಡೇಟಾಬೇಸಿನಲ್ಲಿ ನಲ್ ಮೊದಲು ಬರುತ್ತದೆ, ಪೋಸ್ಟ್‌ಗ್ರೆಸ್‌ನಲ್ಲಿ ಕೊನೆಗೆ. ಸಾರ್ಟ್ ಮಾಡುವಲ್ಲಿ ಎಫ್ ಎಕ್ಸ್‌ಪ್ರೆಶನ್ ಜೊತೆ ನಲ್ಸ್ ಲಾಸ್ಟ್ ಕೊಟ್ಟರೆ ಎಲ್ಲಿ ಓಡಿಸಿದರೂ ಒಂದೇ.

ಲಾಸ್ಟ್_ಲೋಕಲ್_ಡೊಂಬಿವಲಿ:
ಒಂದು ಮಾತು. ನಾಳೆ ಉಪ್ಪಿನಕಾಯಿಗೆ ಖಾರ ಎಷ್ಟು ಅಂತ ಹಾಕಬೇಕಾದರೆ ಮಾಡೆಲ್ ಮುಟ್ಟಬೇಡಿ. ಡ್ಯಾಶ್‌ಬೋರ್ಡಿನಲ್ಲಿ ಪ್ರಾಡಕ್ಟ್ ಟೈಪ್ ಮಾಡಿ ಅದಕ್ಕೆ ಆಟ್ರಿಬ್ಯೂಟ್ ಸೇರಿಸಿದರೆ ಸಾಕು, ಕೋಡ್ ಬೇಡ. ದಿನದ ಲೆಕ್ಕ ಮಾತ್ರ ಫೀಲ್ಡ್ ಆಗಿಯೇ ಇರಲಿ. ಆಟ್ರಿಬ್ಯೂಟ್ ಬೇರೆ ಟೇಬಲ್‌ನಲ್ಲಿ ಕೂತಿರುತ್ತದೆ, ಸಾರ್ಟ್ ಮಾಡೋದು ಜಾಸ್ತಿ ತಲೆನೋವು.

ಹಪ್ಪಳ_ಮಾಟುಂಗಾ:
ಸರಿಯಾಯಿತು, ಇಬ್ಬರಿಗೂ ಥ್ಯಾಂಕ್ಸ್. ಡ್ಯಾಶ್‌ಬೋರ್ಡಿನ ಫಾರ್ಮಿನಲ್ಲಿ ಹೊಸ ಫೀಲ್ಡ್ ಕಾಣುತ್ತಿರಲಿಲ್ಲ. ಅಲ್ಲಿನ ಕ್ಯಾಟಲಾಗ್ ಭಾಗವನ್ನೂ ಫೋರ್ಕ್ ಮಾಡಿ, ಪ್ರಾಡಕ್ಟ್ ಫಾರ್ಮಿನ ಫೀಲ್ಡ್ಸ್ ಪಟ್ಟಿಗೆ ಹೆಸರು ಸೇರಿಸಿದೆ, ಬಂತು. ತುರಿಮಣೆ ಕೊನೆಗೆ ಹೋಗಿದೆ. ಮೊದಲ ಸ್ಥಾನದಲ್ಲೀಗ ಪತ್ರೊಡೆ, 2 ದಿನ.