ಬೈಕಿನ ಏರ್ ಹಾರ್ನ್ ಪೈಪ್ ಸೀಳಿದೆ, ಯಾವ ಪೈಪ್ ಹಾಕೋದು?

ಹಾಸನ_ಥಂಡರ್‌ಬರ್ಡ್:
ಎಲ್ರಿಗೂ ನಮಸ್ಕಾರ. ನನ್ನ ಹಳೇ ಥಂಡರ್‌ಬರ್ಡ್ 350ಗೆ ಕ್ರ್ಯಾಶ್ ಗಾರ್ಡ್ ಹತ್ರ ಎರಡು ತುತ್ತೂರಿದು ಏರ್ ಹಾರ್ನ್ ಇದೆ, ಅದಕ್ಕೆ ಗಾಳಿ ಊದೋ ಕಂಪ್ರೆಸರ್ ಸೈಡ್ ಬಾಕ್ಸ್ ಒಳಗೆ. ಈಗ ಬಟನ್ ಒತ್ತಿದ್ರೆ ಕಂಪ್ರೆಸರ್ ಗರ್ರ್ ಅಂತ ಜೋರಾಗೇ ತಿರುಗತ್ತೆ ಆದ್ರೆ ಒಂದೇ ತುತ್ತೂರಿ ಕೂಗತ್ತೆ, ಅದೂ ಗಂಟಲು ಕಟ್ಟಿದೋರ ಥರ. ಟ್ಯಾಂಕ್ ಎತ್ತಿ ನೋಡಿದ್ರೆ ಪೈಪ್ ಹಳದಿ ತಿರುಗಿ ಗಟ್ಟಿಯಾಗಿದೆ, ಪೈಪ್ ಎರಡಾಗಿ ಕವಲಾಗೋ ಟಿ ಜಾಯಿಂಟ್ ಹತ್ರ ಉದ್ದಕ್ಕೆ ಸಣ್ಣ ಸೀಳು. ಅಂಗಡೀಲಿ ಪೈಪ್ ಒಂದೇ ಕೊಡಲ್ಲ, ಪೂರ್ತಿ ಸೆಟ್ ತಗೊಳ್ಳಿ ಅಂತಾರೆ. ಮೀನಿನ ತೊಟ್ಟಿಗೆ ಹಾಕೋ ಪೈಪ್ ನಡಿಯತ್ತಾ?

ಗ್ಯಾರೇಜ್_ಗೆಳೆಯ:
ಬೇಡ ಗುರು. ಅದು ಇಂಜಿನ್ ಬಿಸಿಗೆ ಮೆತ್ತಗಾಗಿ ಬಾಗಿದ ಜಾಗದಲ್ಲಿ ಮಡಚಿಕೊಂಡು ಗಾಳಿ ಕಟ್ಟತ್ತೆ, ಇಲ್ಲಾಂದ್ರೆ ಹಾರ್ನ್ ಒತ್ತಿದಾಗ ಕಿತ್ತು ಬರತ್ತೆ. ಒಳ್ಳೇ ರಬ್ಬರ್ ಪೆಟ್ರೋಲ್ ಪೈಪ್ ಇಲ್ಲಾ ಸಿಲಿಕಾನ್ ಪೈಪ್ ತಗೋ, ಎರಡೂ ಬಿಸಿ ತಡ್ಕೊಳತ್ತೆ. ನ್ಯೂಮ್ಯಾಟಿಕ್ (ಗಾಳಿ ಒತ್ತಡದ ಸಾಮಾನು) ಅಂಗಡೀಲಿ ಸಿಗೋ ನೀಲಿ ಪಿಯು (ಪಾಲಿಯುರೆಥೇನ್) ಪೈಪ್ ಪ್ರೆಷರ್‌ಗೆ ಗಟ್ಟಿ ನಿಜ, ಆದ್ರೆ ಪೈಪ್ ಸಿಕ್ಕಿಸೋ ಈ ಥರ ಪ್ಲಾಸ್ಟಿಕ್ ಮೂತಿಗೆ ಸರಿಯಾಗಿ ಕಚ್ಚಲ್ಲ. ಮೊದಲು ಮೂತಿ ದಪ್ಪ ಅಳತೆ ಮಾಡು, ಪೈಪಿನ ಒಳಗಿನ ಅಳತೆ ಅದಕ್ಕಿಂತ ಒಂಚೂರು ಕಮ್ಮಿ ಇರಬೇಕು. ಹಳೇ ತುಂಡನ್ನ ಅಳತೆಗೆ ಅಂತ ಒಯ್ಯಬೇಡ, ಅದು ಹಿಗ್ಗಿರತ್ತೆ. ಬೆಂಗಳೂರಿಗೆ ಬಂದ್ರೆ ಜೆಸಿ ರೋಡು, ಎಸ್‌ಪಿ ರೋಡು ಎರಡು ಕಡೆನೂ ಮೀಟರ್ ಲೆಕ್ಕದಲ್ಲಿ ಕೊಡ್ತಾರೆ.

ಹುಬ್ಬಳ್ಳಿ_ರೈಡರ್:
ಹಳೇ ಪೈಪ್ ಹಂಗ ಜಗ್ಗಬ್ಯಾಡ್ರಿ ಸರ, ಮೂತಿ ಮುರದ್ರ ಕಂಪ್ರೆಸರ್ ಕೆಲಸಕ್ಕ ಬರೂದಿಲ್ಲ. ಬ್ಲೇಡ್ ತಗೊಂಡು ಉದ್ದಕ್ಕ ಸೀಳ್ರಿ, ಮೂತಿಗೆ ಗೀರ್ ಬೀಳದಂಗ, ತಾನ ಬಿಚ್ಚಿಕೊಂಡು ಬರ್ತದ. ಹೊಸಾದರ ತುದಿ ನೆಟ್ಟಗ ಕತ್ತರಿಸಿ ಬಿಸಿ ನೀರಾಗ ಒಂದ್ ನಿಮಿಷ ಅದ್ದಿ ಒತ್ತಿದ್ರ ಸಲೀಸಾಗಿ ಹೋಗ್ತದ. ಎಣ್ಣಿ ಗ್ರೀಸ್ ಏನೂ ಹಚ್ಚಬ್ಯಾಡ್ರಿ, ಅದು ಗಾಳಿ ಜೋಡಿ ಹೋಗಿ ತುತ್ತೂರಿಯೊಳಗ ನಡುಗಿ ಸಪ್ಪಳ ಮಾಡೂ ತೆಳ್ಳನ ಹಾಳಿ ಅಂದ್ರ ಡಯಾಫ್ರಮ್‌ಗೆ ಅಂಟತದ. ಟಿ ಇಂದ ಎರಡೂ ತುತ್ತೂರಿಗೆ ಹೋಗೂ ಪೈಪ್ ಒಂದ ಅಳತಿ ಇರ್ಲಿ, ಉದ್ದ ಜಾಸ್ತಿ ಆದಷ್ಟೂ ಸಪ್ಪಳ ತಡಾ ಆಗಿ ಬರ್ತದ. ಸೈಲೆನ್ಸರ್ ಬೆಂಡ್‌ನಿಂದ ದೂರ ಒಯ್ರಿ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ಎಲ್ಲೂ ಜಗ್ಗೂದಿಲ್ಲಂತ ನೋಡಿದ ಮ್ಯಾಲ ಪೈಪಿಗೆ ಕೇಬಲ್ ಟೈ ಬಿಗೀರಿ.

ನಿಧಾನ_ಸವಾರ:
ಪೈಪ್ ಜೊತೆ ವೈರಿಂಗೂ ನೋಡ್ಕೊಳಿ. ಈ ಕಂಪ್ರೆಸರ್‌ಗಳು ಸುಮಾರು 15 ರಿಂದ 20 ಆಂಪಿಯರ್ ಎಳೀತಾವೆ, ರಿಲೇ (ಸಣ್ಣ ಕರೆಂಟಲ್ಲಿ ದೊಡ್ಡ ಕರೆಂಟ್ ಆನ್ ಮಾಡೋ ಸ್ವಿಚ್), ಫ್ಯೂಸ್ ಎರಡೂ ಇಲ್ದೆ ನೇರ ಹಾರ್ನ್ ಸ್ವಿಚ್‌ಗೆ ಕೊಟ್ಟಿದ್ರೆ ಸ್ವಿಚ್ ಸುಟ್ಟೋಗತ್ತೆ. ಇನ್ನೊಂದು ಮಾತು ಬೇಜಾರಾದ್ರೂ ಹೇಳ್ಬೇಕು, ಕೇಂದ್ರ ಮೋಟಾರು ವಾಹನ ನಿಯಮ 119ರ ಪ್ರಕಾರ ಬೇರೆ ಬೇರೆ ಸ್ವರ ಒಂದರ ಹಿಂದೊಂದು ಬರೋ ಹಾರ್ನ್, ಕರ್ಕಶವಾಗಿ ಬೆಚ್ಚಿಬೀಳಿಸೋ ಹಾರ್ನ್ ಎರಡಕ್ಕೂ ಅವಕಾಶ ಇಲ್ಲ, ಪೊಲೀಸರು ಹಿಡಿದ್ರೆ ಕಿತ್ತೇ ಕಳಿಸ್ತಾರೆ. ಮಗು ಕೂರಿಸ್ಕೊಂಡು ಪಕ್ಕದಲ್ಲಿ ಸ್ಕೂಟರಲ್ಲಿ ಹೋಗೋರು ಬೆದರಿ ಹ್ಯಾಂಡಲ್ ತಿರುಗಿಸಿದ್ದು ನಾನೇ ನೋಡಿದೀನಿ. ಕಂಪನಿ ಹಾರ್ನ್ ಕಿತ್ತಿದ್ರೆ ಮೊದಲು ಅದನ್ನ ವಾಪಸ್ ಹಾಕಿಸಿ.

ಹಾಸನ_ಥಂಡರ್‌ಬರ್ಡ್:
ಎಲ್ರಿಗೂ ಥ್ಯಾಂಕ್ಸ್. ಕಂಪನಿ ಹಾರ್ನ್ ಹಂಗೇ ಇದೆ ಸರ್, ಊರೊಳಗೆ ಅದೇ. ಇದು ಬೇರೆ ಬಟನ್, ರಿಲೇನೂ ಇದೆ. ಆದ್ರೆ ನಿಯಮ ಇಷ್ಟು ಸ್ಪಷ್ಟವಾಗಿದೆ ಅಂದ್ಮೇಲೆ ಇಟ್ಕೊಳೋದಾ ಅಂತ ಯೋಚನೆ ಮಾಡ್ತಿದೀನಿ. ಪೈಪ್ ಬದಲಾಯಿಸಿದ ಮೇಲೆ ಲೀಕ್ ನೋಡೋದು ಹೆಂಗೆ?

ಗ್ಯಾರೇಜ್_ಗೆಳೆಯ:
ಜಾಯಿಂಟ್‌ಗೆ ಸೋಪಿನ ನೀರು ಹಚ್ಚಿ ಯಾರಿಗಾದ್ರೂ ಹಾರ್ನ್ ಒತ್ತೋಕೆ ಹೇಳು, ಗುಳ್ಳೆ ಬಂದ ಕಡೆ ಕ್ಲಿಪ್ ಹಾಕು. ಗುಳ್ಳೆನೇ ಇಲ್ದೆ ಆ ತುತ್ತೂರಿ ಮೂಕ ಆಗಿದ್ರೆ ಎರಡು ಪೈಪೂ ಅದಲು ಬದಲು ಮಾಡಿ ನೋಡು, ಆಗಲೂ ಅದೇ ಸುಮ್ನಿದ್ರೆ ತೊಂದ್ರೆ ಡಯಾಫ್ರಮ್‌ದು, ಪೈಪ್‌ದಲ್ಲ.