‘ಕರಗಿಸು’: ಮೂರು ಕೆಲಸಕ್ಕೆ ಒಂದೇ ಪದ ಸಾಕಾ?

ಎಲ್ಲರಿಗೂ ನಮಸ್ಕಾರ.

ಉಡುಪಿ ಹತ್ತಿರದ ನಮ್ಮ ಪಂಚಾಯಿತಿಯ ಒಣಕಸದ ಶೆಡ್ಡಿಗೆ ಒಂದು ಕರಪತ್ರ ಬರೆಯುತ್ತಿದ್ದೇನೆ. ಪೆಟ್ ಬಾಟ್ಲಿಗಳು (ನೀರು, ಜ್ಯೂಸ್ ಬರುವ ಪ್ಲಾಸ್ಟಿಕ್ ಬಾಟ್ಲಿ) ಗುಜರಿಗೆ ಹೋದ ಮೇಲೆ ಏನಾಗುತ್ತವೆ ಅನ್ನುವುದು ವಿಷಯ. ‘ಬಾಟ್ಲಿಯನ್ನು ದ್ರಾವಕದಲ್ಲಿ ಕರಗಿಸಿ ಪ್ಲಾಸ್ಟಿಕ್ಕನ್ನು ಮರಳಿ ಪಡೆಯಬಹುದು’ ಎಂದು ಬರೆದಿದ್ದೆ. ಅಲ್ಲಿ ಕಸ ವಿಂಗಡಿಸುವ ಅಕ್ಕ ಒಬ್ಬರು ಓದಿ ಕೇಳಿದರು: “ಕರಗಿಸುದಂದ್ರೆ ಬೆಂಕಿಗೆ ಹಾಕುದಾ ಮಾರಾಯ್ರೆ?” ಬಚ್ಚಲೊಲೆಗೆ ಪ್ಲಾಸ್ಟಿಕ್ ಹಾಕಬೇಡಿ ಎಂದು ಅದರ ಮೇಲಿನ ಸಾಲಲ್ಲೇ ಬರೆದಿದ್ದೆ. ಪೆಚ್ಚಾದೆ.

ಅವರು ಕೇಳಿದ್ದು ಸರಿಯೇ ಅಲ್ವಾ? ಮೇಣವೂ ಕರಗುತ್ತದೆ, ಸಕ್ಕರೆಯೂ ಕರಗುತ್ತದೆ. ಒಂದಕ್ಕೆ ಬಿಸಿ ಬೇಕು, ಇನ್ನೊಂದಕ್ಕೆ ನೀರು. ಬೆಲ್ಲಕ್ಕಂತೂ ನೀರು ಹಾಕಿ ಒಲೆ ಮೇಲೂ ಇಡುತ್ತೇವೆ, ಅಲ್ಲಿ ಯಾವ ಕರಗು ಅಂತ ಹೇಳುವುದೇ ಕಷ್ಟ. ಇಷ್ಟು ಸಾಲದು ಎಂಬಂತೆ, ಬಿಸಿ ಪುನರ್ಪುಳಿ ಸಾರನ್ನು ಪೆಟ್ ಬಾಟ್ಲಿಗೆ ಹೊಯ್ದಾಗ ಅದು ಮುರುಟಿಕೊಳ್ಳುತ್ತದಲ್ಲ, ಅದಕ್ಕೂ ನಮ್ಮ ಮನೆಯಲ್ಲಿ ‘ಬಾಟ್ಲಿ ಕರಗಿತು’ ಅಂತಲೇ ಹೇಳುವುದು. ಪೆಟ್ ನಿಜವಾಗಿ ಕರಗಲು ಸುಮಾರು 250 ಡಿಗ್ರಿ ಬೇಕು. ಸಾರಿನ ಬಿಸಿಗೆ ಅದು ಮೆತ್ತಗಾಗುತ್ತದೆ, ಅಷ್ಟೆ.

ನನಗೆ ಬೇಕಾದ ವ್ಯತ್ಯಾಸ ಹೀಗಿದೆ. ಶಂಕರಪುರ ಮಲ್ಲಿಗೆಯ ನಾಲ್ಕೈದು ಮಾಲೆಗಳು ಬುಟ್ಟಿಯಲ್ಲಿ ಗೋಜಲಾಗಿ ಬಿದ್ದಿವೆ ಅಂದುಕೊಳ್ಳಿ. ಪ್ಲಾಸ್ಟಿಕ್ಕಿನ ಒಳಗೂ ಇಂಥ ಉದ್ದುದ್ದ ಸರಗಳೇ ಇರುವುದು. ಕಾಯಿಸಿದರೆ ಸರಗಳು ಸಡಿಲಾಗಿ ಒಂದರ ಮೇಲೊಂದು ಜಾರುತ್ತವೆ, ಆದರೆ ಬುಟ್ಟಿಯಲ್ಲಿದ್ದ ಕಸಕಡ್ಡಿ ಅಲ್ಲೇ ಉಳಿಯುತ್ತದೆ. ಸರಿಯಾದ ದ್ರಾವಕಕ್ಕೆ ಹಾಕಿದರೆ ಒಂದೊಂದು ಮಾಲೆಯೂ ಬೇರೆಯಾಗಿ ತೇಲಾಡುತ್ತದೆ. ಕರಗದ ಕಸವನ್ನು ಸೋಸಬಹುದು, ಬಣ್ಣವನ್ನೂ ತೆಗೆಯಬಹುದು. ಮಾಲೆ ಮಾತ್ರ ಕಡಿಯುವುದಿಲ್ಲ. ಮೂರನೆಯದು ಗ್ಲೈಕಾಲಿಸಿಸ್. ಕಾರಿನ ಕೂಲೆಂಟಿನಲ್ಲಿ ಇರುವ ಎಥಿಲೀನ್ ಗ್ಲೈಕಾಲ್‌ನಲ್ಲಿ ಬಾಟ್ಲಿ ಚೂರುಗಳನ್ನು ಜೋರಾಗಿ ಕಾಯಿಸುತ್ತಾರೆ. ಇಲ್ಲಿ ನಾರು ಕಡಿದು ಹೂವು ಹೂವಾಗಿ ಉದುರುತ್ತದೆ. ಮತ್ತೆ ಮಾಲೆ ಬೇಕಿದ್ದರೆ ಮೊದಲಿಂದ ಕಟ್ಟಬೇಕು. ಹೊರಗಿಂದ ನೋಡಿದರೆ ಇದೂ ದ್ರವದೊಳಗೆ ಬಾಟ್ಲಿ ಮಾಯವಾದ ಹಾಗೆಯೇ. ಹಾಗಾಗಿ ಪತ್ರಿಕೆಯವರು ಮೂರಕ್ಕೂ ‘ಕರಗಿಸಿ’ ಅಂತ ಬರೆದು ಮುಗಿಸುತ್ತಾರೆ.

ಪಕ್ಕದ ಮಲಯಾಳದಲ್ಲಿ ಈ ತೊಂದರೆ ಕಡಿಮೆ. ಕಾಸರಗೋಡಿನ ಗೆಳೆಯರು ಸಕ್ಕರೆಗೆ ‘ಅಲಿಯುಕ’, ಮೇಣಕ್ಕೆ ‘ಉರುಗುಕ’ ಅನ್ನುತ್ತಾರೆ. ತಮಿಳಿನಲ್ಲೂ ‘ಕರೈ’, ‘ಉರುಗು’ ಎಂದು ಎರಡಿವೆ. ನಮ್ಮಲ್ಲಿ ಲೋಹಕ್ಕೆ ‘ಎರಕ’ ಇದೆ, ಆದರೆ ಅದು ಅಚ್ಚಿಗೆ ಹೊಯ್ಯುವುದರ ಜೊತೆ ಅಂಟಿಕೊಂಡಿದೆ. ಮಳೆಗಾಲದಲ್ಲಿ ಉಪ್ಪು ‘ನೀರೊಡೆಯುತ್ತದೆ’. ಚಂದದ ಮಾತು, ಬಾಟ್ಲಿಗೆ ಹೊಂದುವುದಿಲ್ಲ.

ಗುರುತಿನ ಮೇಷ್ಟ್ರೊಬ್ಬರು ‘ವಿಲೀನಗೊಳಿಸು’ ಅಂದರು. ಬೇಡ ಸ್ವಾಮಿ. 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಹೋದ ಮೇಲೆ ಈ ಜಿಲ್ಲೆಗಳಲ್ಲಿ ‘ವಿಲೀನ’ ಅಂದರೆ ಜನಕ್ಕೆ ಪಾಸ್‌ಬುಕ್ಕೇ ನೆನಪಾಗುವುದು. ಅದೂ ಅಲ್ಲದೆ, ವಿಲೀನವಾದದ್ದು ವಾಪಸ್ ಬರುತ್ತದೆ ಎಂಬ ನಂಬಿಕೆ ಯಾರಿಗೂ ಇಲ್ಲ. ಇಲ್ಲಿ ವಾಪಸ್ ಬರುವುದೇ ಮುಖ್ಯ.

ವಾಪಸ್ ಬರುವ ಆ ಹಂತಕ್ಕೂ ಪದ ಬೇಕು. ದ್ರಾವಣವನ್ನು ತಣಿಸಿದರೆ, ಅಥವಾ ಪ್ಲಾಸ್ಟಿಕ್ಕನ್ನು ಕರಗಿಸದ ಇನ್ನೊಂದು ದ್ರವ ಸುರಿದರೆ, ನಿಂಬೆರಸ ಬಿದ್ದ ಹಾಲಿನ ಹಾಗೆ ಪ್ಲಾಸ್ಟಿಕ್ ಬೇರೆಯಾಗಿ ನಿಲ್ಲುತ್ತದೆ. ಶಾಲೆ ಪುಸ್ತಕದಲ್ಲಿ ‘ಪ್ರಕ್ಷೇಪ’. ‘ಗಸಿ ಕಟ್ಟು’ ಅಂತ ಹಾಕೋಣ ಅನ್ನಿಸಿತ್ತು, ಆದರೆ ನಮ್ಮೂರಲ್ಲಿ ಗಸಿ ಅಂದರೆ ಕೋರಿ ಗಸಿ, ಅಂದರೆ ಕೋಳಿ ಸಾರು! ಸದ್ಯ ‘ಒಡೆದು ತಳಕ್ಕಿಳಿಯುತ್ತದೆ’ ಅಂತ ಬರೆದಿದ್ದೇನೆ.

ಉಳಿದ ಮೂರಕ್ಕೆ ‘ಕಾಯಿಸಿ ಕರಗಿಸು’, ‘ದ್ರವದಲ್ಲಿ ಕರಗಿಸು’, ‘ಬಿಡಿಬಿಡಿಯಾಗಿ ಒಡೆ’ ಅಂತ ಹಾಕಿದ್ದೇನೆ. ಒಂದೊಂದು ಪದದಲ್ಲೇ ಹೇಳಲು ಆಗುತ್ತದಾ? ಮಲಯಾಳದ ‘ಅಲಿ’ಯಂಥದ್ದು ಹವ್ಯಕ, ಕುಂದಾಪ್ರ ಕನ್ನಡದಲ್ಲಿ ಅಥವಾ ಬಡಗಿನ ಕಡೆ ಎಲ್ಲಾದರೂ ಬಳಕೆಯಲ್ಲಿದ್ದರೆ ದಯವಿಟ್ಟು ವಾಕ್ಯದ ಸಮೇತ ತಿಳಿಸಿ. ಸುಮ್ನೆ ಹೊಸದಾಗಿ ಕಟ್ಟಿದ ಪದ ಬೇಡ, ಶೆಡ್ಡಿನ ಅಕ್ಕನಿಗೆ ಮತ್ತೆ ನಾನೇ ವಿವರಿಸಬೇಕಾಗುತ್ತದೆ.